ಗ್ಯಾಸ್ ತಲೆಗೆ ಹತ್ತಿದೆ

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ನಮ್ಮ ಮನೆಗೆ ಹತ್ತಿರದ ಪಾರ್ಕಿನ ಕಲ್ಲುಬೆಂಚು ಬೆಳಿಗ್ಗೆ ಆರೂವರೆಗೆ ತುಂಬಿಬಿಡುತ್ತದೆ. ನಾಲ್ಕು ಸುತ್ತು ನಡೆದು ದಣಿದವರು, ಮಂಡಿನೋವಿಗೆ ಒಂದೇ ಸುತ್ತಿಗೆ ಕೂತವರು, ಮೊಮ್ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದವರು, ಹೀಗೆ ಐದಾರು ಮಂದಿ. ಮಾತು ಮಳೆಯಿಂದ ಶುರುವಾಗಲಿ, ಮೆಟ್ರೋದಿಂದ ಶುರುವಾಗಲಿ, ಕಾಲು ಗಂಟೆಯೊಳಗೆ ಹೊಟ್ಟೆಗೆ ಬಂದು ನಿಲ್ಲುತ್ತದೆ. “ರಾತ್ರಿಯೆಲ್ಲ ನಿದ್ದೆ ಇಲ್ಲ ಕಣ್ರೀ, ಗ್ಯಾಸು” ಅಂತ ಒಬ್ಬರು. “ನನಗೆ ಎರಡು ದಿವಸದಿಂದ ತಲೆ ಸಿಡೀತಿದೆ, ಗ್ಯಾಸ್ ತಲೆಗೆ ಹತ್ತಿಬಿಟ್ಟಿದೆ” ಅಂತ ಇನ್ನೊಬ್ಬರು. ಎದೆ ಹಿಡಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಕೈಕಾಲು ಜೋಮು ಹಿಡಿದರೂ ಗ್ಯಾಸ್ಟ್ರಿಕ್, ಯಾರ ಜೊತೆಯೂ ಮಾತು ಬೇಡ ಅನ್ನಿಸಿದರೂ ಗ್ಯಾಸ್ಟ್ರಿಕ್. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಪಟ್ಟದ್ದು ಎಂದು ಹೇಳುವ ಬರೀ ಒಂದು ವಿಶೇಷಣ. ಬೆಂಗಳೂರಿಗೆ ಬಂದು ಅದು ಒಂದು ಕಾಯಿಲೆಯ ಹೆಸರೇ ಆಗಿದೆ.

ನಮ್ಮನೆಯ ಅಡುಗೆಮನೆಯ ಕಪಾಟಿನಲ್ಲೂ ಒಂದು ಹಳೇ ಬಿಸ್ಕತ್ತಿನ ಡಬ್ಬವಿದೆ. ಜ್ವರದ ಮಾತ್ರೆ, ನೋವಿನ ಮುಲಾಮು, ಅರ್ಧ ಮುಗಿದ ಕೆಮ್ಮಿನ ಔಷಧಿ, ಎಲ್ಲಕ್ಕಿಂತ ಮೇಲೆ ಎರಡು ಸ್ಟ್ರಿಪ್ ಪ್ಯಾಂಟೊಪ್ರಜೋಲ್. ಯಾರಿಗೆ ಯಾವ ಡಾಕ್ಟರು ಎಷ್ಟು ದಿನಕ್ಕೆಂದು ಬರೆದುಕೊಟ್ಟದ್ದೋ ಈಗ ಯಾರಿಗೂ ನೆನಪಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಒಂದು ನುಂಗಿಬಿಡುವುದು ಎಷ್ಟೋ ಮನೆಗಳಲ್ಲಿ ಹಲ್ಲುಜ್ಜಿದಷ್ಟೇ ಸಹಜವಾಗಿಹೋಗಿದೆ. ಜಠರದ ಆಮ್ಲವನ್ನು ತಗ್ಗಿಸುವ ಒಳ್ಳೆಯ ಔಷಧಿ ಅದು, ಬೇಕಾದವರಿಗೆ ಬೇಕಾದಷ್ಟು ದಿನ. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗಬಹುದು, ಆಮ್ಲದ ಕಾವಲು ಇಲ್ಲದೆ ಕರುಳಿನ ಸೋಂಕುಗಳೂ ಸುಲಭವಾಗಿ ಒಳಗೆ ಬರಬಹುದು.

ವೈದ್ಯರನ್ನು ಕೇಳಿದರೆ, ಹೊಟ್ಟೆಯ ಗಾಳಿಗೆ ತಲೆಗೆ ಹತ್ತುವ ದಾರಿಯೇ ಇಲ್ಲ. ಮೇಲೆ ಬಂದರೆ ತೇಗು, ಕೆಳಗೆ ಹೋದರೆ ಹೂಸು. ನಾನೂ ಬಹಳ ಕಾಲ ಆ ಮಾತನ್ನು ಹಾಗೆಯೇ ತಳ್ಳಿಹಾಕುತ್ತಿದ್ದೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯವರಿಬ್ಬರ ಹೊಟ್ಟೆಯ ಸಂಕಟವನ್ನು ಹತ್ತಿರದಿಂದ ನೋಡಿದ ಮೇಲೆ, ಅದಕ್ಕಾಗಿ ಸ್ವಲ್ಪ ಓದಿದ ಮೇಲೆ, “ಗ್ಯಾಸ್ ತಲೆಗೆ ಹತ್ತಿದೆ” ಅಂತ ಯಾರಾದರೂ ಅಂದರೆ ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಕೂತುಕೊಳ್ಳಿ, ಏನಾಯ್ತು ಹೇಳಿ ಅನ್ನುತ್ತೇನೆ. ಹತ್ತುವುದು ಗಾಳಿಯಲ್ಲದಿರಬಹುದು. ಹೊಟ್ಟೆಯಿಂದ ತಲೆಗೆ ಏನೋ ಒಂದು ಹತ್ತುವುದಂತೂ ನಿಜ.

ಕನ್ನಡ ಮಾತಾಡುವವರು ಮನಸ್ಸನ್ನು ಯಾವತ್ತೂ ತಲೆಯೊಳಗೆ ಮಾತ್ರ ಇಟ್ಟವರಲ್ಲ. ಪಕ್ಕದ ಮನೆಯವರ ಏಳಿಗೆ ಸಹಿಸದಿದ್ದರೆ ಹೊಟ್ಟೆಕಿಚ್ಚು. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ಕರುಳು ಚುರಕ್ ಅನ್ನುತ್ತದೆ. ಮಗ ಸಮುದ್ರದಾಚೆ ಮನೆ ಮಾಡಿದರೂ ಕರುಳಿನ ಕುಡಿಯೇ. ಉಂಡು ಎದ್ದ ಅತಿಥಿ ಹರಸುವುದು ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು. ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ತಪ್ಪು ಮಾಡಿದವರು ಹಿರಿಯರೆದುರು ನಿಂತು “ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಬೇಡುವುದು. ಕ್ಷಮೆ ಹೋಗಿ ಅರಗಬೇಕಾದ ಜಾಗ ಅದೇ ಎಂದು ಮೊದಲು ಕಂಡುಕೊಂಡವರು ಯಾರೋ, ಅವರಿಗೆ ನಮಸ್ಕಾರ.

ಮನಸ್ಸಿಗೂ ಹೊಟ್ಟೆಗೂ ಇರುವ ಈ ನಂಟನ್ನು ಕಣ್ಣಾರೆ ನೋಡಿದ ಒಬ್ಬ ಡಾಕ್ಟರ ಕಥೆ ಇದೆ. 1822ರ ಜೂನ್ ತಿಂಗಳು, ಅಮೆರಿಕದ ಮ್ಯಾಕಿನಾಕ್ ಎಂಬ ದ್ವೀಪ. ತುಪ್ಪಳದ ವ್ಯಾಪಾರಿಗಳ ಬಳಿ ದೋಣಿ ಹುಟ್ಟುಹಾಕುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಹುಡುಗನ ಹೊಟ್ಟೆಗೆ ಅಕಸ್ಮಾತ್ ಬಂದೂಕಿನ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬೋಮಂಟ್ ಅವನನ್ನು ಬದುಕಿಸಿದರು. ಗಾಯ ಮಾಗಿತು, ಆದರೆ ತೂತು ಮುಚ್ಚಲಿಲ್ಲ. ಜಠರದೊಳಕ್ಕೆ ಒಂದು ಕಿಟಕಿ ಹಾಗೇ ಉಳಿಯಿತು. ಬೋಮಂಟ್ ಮುಂದೆ ಹಲವಾರು ವರ್ಷ ರೇಷ್ಮೆ ದಾರಕ್ಕೆ ಮಾಂಸದ ತುಣುಕು, ರೊಟ್ಟಿಯ ತುಣುಕು ಕಟ್ಟಿ ಆ ಕಿಟಕಿಯಿಂದ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆಂದು ನೋಡಿ ಬರೆದಿಟ್ಟರು. ಅವರ ಪುಸ್ತಕ 1833ರಲ್ಲಿ ಬಂತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದೇ: ಅಲೆಕ್ಸಿಸ್‌ಗೆ ಸಿಟ್ಟು ಬಂದ ದಿನ ಅವನ ಜಠರದೊಳಗಿನ ಬಣ್ಣ, ರಸ, ಕೆಲಸ ಎಲ್ಲವೂ ಬದಲಾಗುತ್ತಿತ್ತು. ತಿಂದದ್ದು ಹೊತ್ತಿಗೆ ಸರಿಯಾಗಿ ಅರಗುತ್ತಿರಲಿಲ್ಲ. ಇಷ್ಟೆಲ್ಲ ಪ್ರಯೋಗಕ್ಕೆ ಮೈಕೊಟ್ಟ ಆ ಬಡಪಾಯಿ ಡಾಕ್ಟರಿಗಿಂತ ಹೆಚ್ಚು ಕಾಲ ಬದುಕಿದ, 1880ರವರೆಗೆ. ಅವನಿಗೆ ಯಾಕೆ ಅಷ್ಟು ಸಿಟ್ಟು ಬರುತ್ತಿತ್ತು ಎಂದು ಕೇಳಬೇಕಾಗಿಲ್ಲ. ಇನ್ನೊಬ್ಬರ ಪ್ರಯೋಗಶಾಲೆಯಾಗಿ ಬದುಕುವುದು ಯಾರಿಗೆ ತಾನೇ ಸಹ್ಯ?

ಇವತ್ತಿನ ವಿಜ್ಞಾನ ಇನ್ನೂ ಒಳಗೆ ಹೋಗಿದೆ. ಅನ್ನನಾಳದಿಂದ ಗುದದವರೆಗಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳು ಬಲೆಯಂತೆ ಹರಡಿಕೊಂಡಿವೆ. ಊಟವನ್ನು ಮುಂದೆ ತಳ್ಳುವುದು, ರಸ ಸುರಿಸುವುದು, ವಿಷವಿದ್ದರೆ ಹೊರಗೆ ಎಸೆಯುವುದು ಇಂಥ ಎಷ್ಟೋ ಕೆಲಸವನ್ನು ಅವು ಮಿದುಳಿನ ಅಪ್ಪಣೆಗೆ ಕಾಯದೆ ಮಾಡುತ್ತವೆ. ಮಿದುಳಿನ ಬುಡದಿಂದ ಕುತ್ತಿಗೆ, ಎದೆ ದಾಟಿ ಹೊಟ್ಟೆಗಿಳಿಯುವ ವೇಗಸ್ ಎಂಬ ನರವೊಂದಿದೆ. ಮೇಲಿನಿಂದ ಕೆಳಕ್ಕೆ ಹುಕುಂ ಸಾಗಿಸುವುದೇ ಅದರ ಕೆಲಸ ಎಂದುಕೊಂಡಿದ್ದೆ. ಅದರ ಎಳೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವಂತೆ. ಹೊಟ್ಟೆ ಹೇಳುತ್ತಿರುತ್ತದೆ, ಮಿದುಳು ಕೇಳುತ್ತಿರುತ್ತದೆ. ನಮ್ಮ ಪಾರ್ಕಿನ ಬೆಂಚಿನವರು ಹೇಳುತ್ತಿದ್ದುದು ಇದನ್ನೇ ಅಲ್ಲವೇ?

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಿಬಿಡುತ್ತೇನೆ. ಮನಸ್ಸಿನ ನೆಮ್ಮದಿಯ ಮಾತು ಬಂದಾಗಲೆಲ್ಲ ಹೆಸರು ಕೇಳಿಬರುವ ಸೆರೊಟೋನಿನ್ ಎಂಬ ರಾಸಾಯನಿಕ ನೂರಕ್ಕೆ ತೊಂಬತ್ತರಷ್ಟು ತಯಾರಾಗುವುದು ಕರುಳಿನಲ್ಲಿ. ಇದನ್ನು ಹಿಡಿದುಕೊಂಡು, ಈ ಪುಡಿ ತಿನ್ನಿ, ಆ ಕ್ಯಾಪ್ಸೂಲ್ ನುಂಗಿ, ಸಂತೋಷ ತಾನಾಗಿ ಬರುತ್ತದೆ ಎಂದು ಮಾರುವವರಿದ್ದಾರೆ. ಕರುಳಿನ ಸೆರೊಟೋನಿನ್ ನೇರವಾಗಿ ಮಿದುಳಿನೊಳಗೆ ಹೋಗುವುದಿಲ್ಲ. ನಡುವೆ ಒಂದು ಬಿಗಿಯಾದ ತಡೆಗೋಡೆ ಇದೆ. ಆ ಸೆರೊಟೋನಿನ್ ಕರುಳಿನ ಚಲನೆಯನ್ನು ನೋಡಿಕೊಳ್ಳುತ್ತದೆ, ನರದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಇನ್ನೊಂದು ಬದಿಯ ತಪ್ಪೂ ಇದೆ. ಹೊಟ್ಟೆಹುಣ್ಣು ಬಂದರೆ ಅದು ಚಿಂತೆಯಿಂದ, ಖಾರದಿಂದ ಎಂದು ಡಾಕ್ಟರುಗಳೇ ಹೇಳುತ್ತಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಇಬ್ಬರೂ ಸೇರಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತೋರಿಸಿದಾಗ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡು ಸಾಧಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದ್ದರಿಂದ ಹೊಟ್ಟೆನೋವೆಲ್ಲ ಮನಸ್ಸಿನದು ಎನ್ನುವುದೂ ಬೇಡ. ಪರೀಕ್ಷೆ ಮಾಡಿಸಬೇಕಾದ್ದನ್ನು ಮಾಡಿಸಲೇಬೇಕು.

ಬ್ಯಾಕ್ಟೀರಿಯಾದ ಮಾತು ಬಂತಲ್ಲ. ನಮ್ಮ ಮೈಯಲ್ಲಿರುವ ಅವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಎಲ್ಲ ಬ್ಯಾಕ್ಟೀರಿಯಾಗಳನ್ನೂ ಒಟ್ಟು ಮಾಡಿ ತೂಗಿದರೆ ಕಾಲು ಕಿಲೋ ಕೂಡ ಆಗದು. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ಹೆಪ್ಪು. ನಾನು ಹುಟ್ಟಿ ಬೆಳೆದದ್ದು ತ್ಯಾಗರಾಜನಗರದ ಒಂದು ವಠಾರದಲ್ಲಿ. ಆರು ಮನೆ, ಒಂದು ಬಾವಿ, ಒಂದು ಪಾರಿಜಾತದ ಗಿಡ. ಮನೆಯ ಮೊಸರು ಹುಳಿಯಾಗಿಯೋ ಲೋಳೆಯಾಗಿಯೋ ಕೆಟ್ಟರೆ ಅಮ್ಮ ನನ್ನ ಕೈಗೆ ಬಟ್ಟಲು ಕೊಟ್ಟು, “ಪಕ್ಕದ ಮನೆ ಅತ್ತೆ ಹತ್ರ ಚೂರು ಹೆಪ್ಪಿಗೆ ಇಸ್ಕೊಂಡು ಬಾ” ಎನ್ನುವಳು. ದೀಪ ಹಚ್ಚುವುದರೊಳಗೆ ಹೋಗಬೇಕು; ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂಬ ಕಟ್ಟಳೆ. ಹಾಲು ಉಗುರುಬೆಚ್ಚಗಿರಬೇಕು, ಹೆಪ್ಪು ಅರ್ಧ ಚಮಚ, ಪಾತ್ರೆ ಅಲುಗಬಾರದು. ಧನುರ್ಮಾಸದ ಚಳಿಯಲ್ಲಿ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದರು. ಎಲ್ಲೂ ಹೆಪ್ಪು ಸಿಗದ ದಿನ ಒಣಮೆಣಸಿನಕಾಯಿಯ ತೊಟ್ಟು ನಾಲ್ಕನ್ನು ಹಾಲಿಗೆ ಹಾಕುತ್ತಿದ್ದಳು, ಅದರಿಂದಲೂ ಹೆಪ್ಪಾಗುತ್ತಿತ್ತು. ಆರು ಮನೆಯಲ್ಲಿ ಆರು ಜಾತಿ, ಆರು ಸಾರು. ಮೊಸರು ಮಾತ್ರ ಒಂದೇ ಸಂತಾನದ್ದು. ಮದುವೆಯಾಗಿ ಜಯನಗರಕ್ಕೆ ಬರುವಾಗ ಅಮ್ಮ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪಿಗೆ ಮೊಸರು ಕಟ್ಟಿಕೊಟ್ಟಿದ್ದಳು.

ಮೊಸರಿನ ಗುಣವನ್ನು ಯುರೋಪಿನಲ್ಲಿ ದೊಡ್ಡ ದನಿಯಲ್ಲಿ ಹೇಳಿದವರು ರಷ್ಯಾ ಮೂಲದ ಇಲ್ಯಾ ಮೆಚ್ನಿಕಾಫ್. ಬಲ್ಗೇರಿಯಾದ ರೈತರು ಹುಳಿಹಾಲು ಕುಡಿದು ದೀರ್ಘಕಾಲ ಬದುಕುತ್ತಾರೆಂದು 1907ರಲ್ಲಿ ಪುಸ್ತಕ ಬರೆದರು. ಮರುವರ್ಷ ಅವರಿಗೆ ನೊಬೆಲ್ ಬಂತು, ಆದರೆ ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಬಗೆಗಿನ ಕೆಲಸಕ್ಕೆ. ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಬೇಕಾದಷ್ಟಿತ್ತು. ಆದರೂ 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲವು ಮಂದಿಗೆ ಹತ್ತು ವಾರ ಮೊಸರಿನಂಥ ಹುಳಿ ಬಂದ ಪದಾರ್ಥಗಳನ್ನು ದಿನವೂ ತಿನ್ನಿಸಿ ನೋಡಿದಾಗ, ಕರುಳಿನ ಬ್ಯಾಕ್ಟೀರಿಯಾಗಳ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಶ್ರೀರಾಮನವಮಿಯ ದಿನ ನಮ್ಮ ಬಡಾವಣೆಯ ಪ್ರತಿ ಮೂಲೆಯಲ್ಲೂ ಚಪ್ಪರ ಹಾಕಿ ಪಾನಕ, ಕೋಸಂಬರಿಯ ಜೊತೆ ಲೋಟಗಟ್ಟಲೆ ನೀರುಮಜ್ಜಿಗೆ ಹಂಚುತ್ತಾರಲ್ಲ, ಶುಂಠಿ, ಕರಿಬೇವು, ಇಂಗು ಹಾಕಿದ್ದು, ಅದಕ್ಕಿಂತ ಒಳ್ಳೆಯ ಔಷಧಿ ಅಂಗಡಿಯ ದುಬಾರಿ ಬಾಟಲಿಯಲ್ಲಿ ಇದೆಯೆಂದು ನನಗೆ ಇನ್ನೂ ಅನ್ನಿಸಿಲ್ಲ.

ಇಡ್ಲಿಯ ವಿಷಯದಲ್ಲಿ ಮಾತ್ರ ನಿಜ ಹೇಳಬೇಕು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರಿದೆ. 1025ರ ಸುಮಾರಿನ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯ ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ರುಬ್ಬುವ ವಿಧಾನ ಬರೆದಿದ್ದಾನೆ. ಅಂದರೆ ಸಾವಿರ ವರ್ಷಕ್ಕೂ ಹಳೆಯ ನೆಂಟಸ್ತಿಕೆ ನಮ್ಮದು. ಉದ್ದಿನಲ್ಲೇ ಇರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ರಾತ್ರಿಯಿಡೀ ದುಡಿದು ಹಿಟ್ಟನ್ನು ಉಬ್ಬಿಸುತ್ತದೆ, ಹುಳಿ ತರುತ್ತದೆ. ಆದರೆ ಹಬೆಯಲ್ಲಿ ಬೇಯುವಾಗ ಅವೆಲ್ಲ ಸಾಯುತ್ತವೆ. ಮೊಸರಿನಂತೆ ಜೀವಂತ ಬ್ಯಾಕ್ಟೀರಿಯಾ ಇಡ್ಲಿಯಲ್ಲಿ ಇರದು. ಆದರೂ ಅವು ಸಾಯುವ ಮೊದಲು ನಮ್ಮ ಅರ್ಧ ಕೆಲಸ ಮುಗಿಸಿರುತ್ತವೆ. ಜ್ವರ ಬಿಟ್ಟ ಮೇಲೆ ಮೊದಲು ಇಡ್ಲಿ ಕೊಡಿ ಎನ್ನುವುದು ಸುಮ್ಮನೆ ಬಂದ ಮಾತಲ್ಲ.

ಇಡ್ಲಿಯನ್ನು ನಿಂತು ತಿನ್ನುವ ಅಭ್ಯಾಸ ಶುರುವಾದದ್ದೂ ನಮ್ಮ ಜಯನಗರದಲ್ಲೇ. 1983ರಲ್ಲಿ ಇಲ್ಲಿ ಕೆಫೆ ದರ್ಶಿನಿ ತೆರೆಯಿತು, ಆಮೇಲೆ ಊರತುಂಬ ದರ್ಶಿನಿಗಳಾದವು. ಕಡಿಮೆ ದುಡ್ಡಿಗೆ, ಕಣ್ಣೆದುರೇ ಬೇಯಿಸಿದ, ಬಿಸಿಬಿಸಿ ಊಟವನ್ನು ಎಲ್ಲರಿಗೂ ಕೊಟ್ಟ ಆ ಏರ್ಪಾಡಿನ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಪಕ್ಕದಲ್ಲಿ ನಿಂತು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಚಮಚ ಹಿಡಿದು ನಾಲ್ಕು ನಿಮಿಷದಲ್ಲಿ ಮುಗಿಸಿ ಓಡುವವರ ಬಗ್ಗೆ. ಅಲೆಕ್ಸಿಸ್‌ನ ಜಠರ ನೆನಪಿದೆಯಲ್ಲ? ಆತಂಕದಲ್ಲಿರುವ ಮೈ ರಕ್ತವನ್ನು ಹೊಟ್ಟೆಯಿಂದ ಕೈಕಾಲಿಗೆ ತಿರುಗಿಸುತ್ತದೆ. ಅರಗಿಸುವ ಕೆಲಸ ಆಮೇಲೆ ನೋಡೋಣ ಅನ್ನುತ್ತದೆ. ಫೋನಿನಲ್ಲಿ ಮೇಲಧಿಕಾರಿಯ ಬೈಗುಳ ಓದುತ್ತಾ ತಿಂದ ಇಡ್ಲಿ ಎಷ್ಟು ಮೆತ್ತಗಿದ್ದರೇನು?

ಡಿಸೆಂಬರ್, ಜನವರಿ ಬಂತೆಂದರೆ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಅವರೆಕಾಯಿಯ ರಾಶಿ. “ಮಾಗಡಿ ಕಾಯಿ ಅಕ್ಕಾ, ಸೊಗಡು ನೋಡಿ” ಅಂತ ಮಾರುವವರು ಕೈಗೆ ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತಾರೆ. ವಿಶ್ವೇಶ್ವರಪುರದಲ್ಲಿ ಶುರುವಾದ ಅವರೆ ಮೇಳಕ್ಕೆ ಊರೆಲ್ಲ ನೆರೆಯುತ್ತದೆ. ಅವರೆ ತಿಂದರೆ ಗ್ಯಾಸ್ ಆಗುತ್ತದೆ, ನಿಜ. ಯಾಕೆ ಆಗುತ್ತದೆ ಎನ್ನುವುದು ಚೆಂದದ ಸಂಗತಿ. ಕಾಳುಗಳಲ್ಲಿರುವ ರಾಫಿನೋಸ್ ಬಗೆಯ ಸಕ್ಕರೆಯನ್ನು ಒಡೆಯುವ ಕಿಣ್ವ ಮನುಷ್ಯರಿಗೆ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದು ಕೂತ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಉಂಡು ತೇಗಿದ್ದೇ ನಮಗೆ ಗ್ಯಾಸು. ಅದೇ ಊಟದಿಂದ ಅವು ಬ್ಯೂಟಿರೇಟ್ ಎಂಬುದನ್ನೂ ತಯಾರಿಸಿಕೊಡುತ್ತವೆ. ಬೆಣ್ಣೆಯಿಂದ ಬಂದ ಹೆಸರದು. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ ಅದೇ. ಅದು ಸಾಲದಾದರೆ ಕರುಳಿನ ಗೋಡೆ ಸೊರಗುತ್ತದೆ. ಅವರೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, ಹಿತುಕಿ, ಬೇಳೆ ಬಿಡಿಸಿ, ಇಂಗು ಶುಂಠಿಯ ಒಗ್ಗರಣೆ ಕೊಡುವ ನಮ್ಮ ಹೆಂಗಸರು ಆ ಸಕ್ಕರೆಯನ್ನು ಸ್ವಲ್ಪ ಇಳಿಸಿಯೇ ಬಡಿಸುತ್ತಾರೆ. ಹಿತುಕಿದ ಬೇಳೆ ಸಾರಿನ ಹಿಂದೆ ಬರೀ ರುಚಿಯಲ್ಲ, ಹೊಟ್ಟೆಯನ್ನು ಬಲ್ಲವರ ಕೈಯಿದೆ.

ನಮ್ಮ ಮನೆಯ ಮಹಡಿಯಿಂದ ರಾಗಿಗುಡ್ಡ ಕಾಣುತ್ತದೆ. ಇಡೀ ಗುಡ್ಡ ಒಂದು ಕಾಲಕ್ಕೆ ರಾಗಿಯ ರಾಶಿಯಾಗಿತ್ತಂತೆ. ಮನೆಬಾಗಿಲಿಗೆ ಬಂದ ಮೂವರು ಭಿಕ್ಷುಕರಿಗೆ ಸೊಸೆ ಸುಧರ್ಮ ರಾಗಿ ಕೊಡಲು ಹೋದಾಗ ಅತ್ತೆ ಅಡ್ಡಬಂದಳಂತೆ, ರಾಶಿ ಕಲ್ಲಾಯಿತಂತೆ. ಬಂದವರು ತ್ರಿಮೂರ್ತಿಗಳು ಎನ್ನುತ್ತದೆ ಐತಿಹ್ಯ. ಆಂಜನೇಯನ ಗುಡಿಗೆ ಹತ್ತುವಾಗಲೆಲ್ಲ ನನಗೆ ಆ ಸೊಸೆಯ ನೆನಪು. ಕೆಳಗೆ ಸುತ್ತಲಿನ ಹಳ್ಳಿಗಳಲ್ಲಿ ದಿನಕ್ಕೆರಡು ಹೊತ್ತು ಮುದ್ದೆ ಉಣ್ಣುತ್ತಿದ್ದ ಕಾಲ ನನಗೂ ಗೊತ್ತು. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆ ನಾರು ನಮ್ಮ ಊಟವಲ್ಲ, ಕರುಳೊಳಗಿನವರ ಊಟ. ಅವರನ್ನು ಉಪವಾಸ ಕೆಡವಿ ನಾವು ಮಾತ್ರ ಉಂಡರೆ ಆಗುವುದಿಲ್ಲ.

ಹೀಗೆ ಹೇಳುತ್ತಾ ಹೋದರೆ ಎಲ್ಲರೂ ಮುದ್ದೆ, ಅವರೆ ತಿಂದರೆ ಸರಿಹೋಗುತ್ತದೆ ಎಂದಾದೀತು. ಹಾಗಲ್ಲ ಎಂದು ನನಗೆ ಕಲಿಸಿದವನು ನನ್ನ ತಮ್ಮನ ಮಗ. ಹಾಸನದಿಂದ ಬಂದು ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಭಾನುವಾರ ಮನೆಗೆ ಬಂದವನು ಊಟಕ್ಕೆ ಕೂರಲು ಹಿಂಜರಿದ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದ: “ಅತ್ತೆ, ಸೋಮವಾರ ಮೀಟಿಂಗ್ ಇದ್ರೆ ಬೆಳಿಗ್ಗೆ ಮೂರು ನಾಲ್ಕು ಸಲ ಟಾಯ್ಲೆಟ್ಟಿಗೆ ಹೋಗ್ಬೇಕಾಗುತ್ತೆ. ಬಸ್ಸಲ್ಲಿ ಕೂತ್ರೆ ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡ್ರೆ ಏನ್ ಗತಿ ಅಂತ ಭಯ. ಭಯ ಆದ ತಕ್ಷಣ ಹೊಟ್ಟೆ ತಿರುಚುತ್ತೆ.” ಬೆಳಿಗ್ಗೆ ತಿಂಡಿ ಬಿಟ್ಟುಬಿಟ್ಟಿದ್ದ. ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿದ ಫ್ರೈಡ್ ರೈಸು. ಹೊಟ್ಟೆ ಕೆಟ್ಟಾಗಲೆಲ್ಲ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಿದ್ದ. ರೋಗಾಣುವಿನ ಜೊತೆ ಕರುಳಿನ ಒಳ್ಳೆಯ ಸಂಸಾರವನ್ನೂ ಅದು ಹಾಳುಮಾಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ರಕ್ತ, ಮಲ, ಸ್ಕ್ಯಾನು ಎಲ್ಲ ಸರಿಯಾಗಿಯೇ ಇತ್ತು. ಡಾಕ್ಟರು ಐಬಿಎಸ್ ಎಂದರು, ಇರಿಟಬಲ್ ಬವೆಲ್ ಸಿಂಡ್ರೋಮ್. ಹುಣ್ಣಿಲ್ಲ, ಗಡ್ಡೆಯಿಲ್ಲ; ಮಿದುಳಿಗೂ ಕರುಳಿಗೂ ನಡುವಿನ ಮಾತುಕತೆ ಹದಗೆಟ್ಟಿದೆ, ಅದು ನಿಜವಾದ ಕಾಯಿಲೆಯೇ, ನಿನ್ನ ಕಲ್ಪನೆಯಲ್ಲ ಎಂದು ಅವನಿಗೆ ಕೂರಿಸಿ ಹೇಳಿದರು. ಆ ಮಾತು ಕೇಳಿಯೇ ಅವನ ಮುಖ ಅರ್ಧ ತಿಳಿಯಾಯಿತು. ನನ್ನ ಅವರೆಕಾಳು ಉಪ್ಪಿಟ್ಟನ್ನು ಮಾತ್ರ ಬಿಡಿಸಿದರು, ಸದ್ಯಕ್ಕೆ ಅವನ ಕರುಳಿಗೆ ಅದು ಆಗದು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಸ್ವಲ್ಪ ಔಷಧಿ, ಭಯವನ್ನು ನಿಭಾಯಿಸುವುದಕ್ಕೆ ಆಪ್ತಸಮಾಲೋಚಕರ ಹತ್ತಿರ ಕೆಲವು ಭೇಟಿ. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯಿತಲ್ಲ, ಅದೂ ಅವನಿಗೆ ಔಷಧಿಯ ಹಾಗೆಯೇ ಬಂತು. ಸಿಲ್ಕ್ ಬೋರ್ಡಿನ ಮೇಲೆ ರೈಲು ನಿಲ್ಲುವುದು ಅರೆನಿಮಿಷ. ಈಗ ತಿಂಡಿ ತಿಂದು ಹೊರಡುತ್ತಾನೆ.

ನಮ್ಮ ಭಾವನವರ ವಿಷಯ ಹೇಳದೆ ಈ ಮಾತು ಮುಗಿಯುವುದಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಅಕ್ಕನ ಮನೆ. ಭಾವ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಮರುವರ್ಷ ಎದೆಯುರಿ, ಹುಳಿತೇಗು, ಊಟ ಸೇರದು. ಎಂಟು ಕಿಲೋ ಇಳಿದರು. ಎರಡು ಸಲ ಎಂಡೋಸ್ಕೋಪಿ ಆಯಿತು, ಏನೂ ಇಲ್ಲ ಎಂದರು. ಒಂದೂವರೆ ವರ್ಷ ಬರೀ ಗ್ಯಾಸ್ಟ್ರಿಕ್ ಮಾತ್ರೆ. ಎಲ್ಲರೂ ಅವರ ಹೊಟ್ಟೆಯನ್ನು ಒತ್ತಿ ನೋಡಿದರು. ಕಡೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ್ದು ಬೇರೆ ಪ್ರಶ್ನೆ: “ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ ಸಾರ್? ಎದ್ದಾಗ ಮನಸ್ಸಿಗೆ ಹೇಗನ್ನಿಸುತ್ತೆ?” ಭಾವ ಉತ್ತರ ಕೊಡಲಿಲ್ಲ. ಅತ್ತುಬಿಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು.

ಖಿನ್ನತೆ ಅದು. ನಮ್ಮ ಕಡೆಯ ಎಷ್ಟೋ ಗಂಡಸರಿಗೆ, ಹೆಂಗಸರಿಗೂ, ಮನಸ್ಸು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಲು ಮಾತಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನಲು ಮಾತಿದೆ. ಹಾಗಾಗಿ ಮನಸ್ಸಿನ ನೋವು ಹೊಟ್ಟೆಯ ಹೆಸರಿನಲ್ಲಿ ಡಾಕ್ಟರ ಬಾಗಿಲಿಗೆ ಬರುತ್ತದೆ. ಮನೋವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಬಾಗಿಲಲ್ಲಿ ಕೂತವರು ಹೊಟ್ಟೆಗೆ ಮಾತ್ರೆ ಕೊಟ್ಟು ಕಳಿಸಿದರೆ ಅದು ಹಾಗೇ ವಾಪಸು ಹೋಗುತ್ತದೆ.

ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಎಂದಾಗ ಅಕ್ಕ ಒಪ್ಪಲಿಲ್ಲ. “ಜನ ಏನಂದ್ಕೊಳ್ತಾರೆ?” ಬೆಂಗಳೂರಿನಲ್ಲಿ ಆ ಹೆಸರನ್ನು ಬೈಗುಳದ ಹಾಗೆ ಬಳಸುವ ಕೆಟ್ಟ ಚಾಳಿಯಿದೆ. ಹೊಸೂರು ರಸ್ತೆಯ ಆ ಸಂಸ್ಥೆ, ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಒಂದುಗೂಡಿಸಿ 1974ರಲ್ಲಿ ಆದದ್ದು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬರುವವರಿಗೆ ಅದು ಕೊನೆಯ ಭರವಸೆ. ಆಟೋದಲ್ಲಿ ಇಪ್ಪತ್ತು ನಿಮಿಷ ದೂರದಲ್ಲಿರುವ ನಮಗೆ ಅದರ ಗೇಟು ದಾಟಲು ನಾಚಿಕೆ! ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಆ ಹೆಚ್ಚಿನವರ ಮನೆಗಳಲ್ಲೆಲ್ಲ ಒಂದೊಂದು ಬಿಸ್ಕತ್ತಿನ ಡಬ್ಬ ಇದ್ದಿರಬೇಕು.

ಕಡೆಗೂ ಚಿಕಿತ್ಸೆ ಶುರುವಾಯಿತು. ಭಾವ ಎಂಟು ತಿಂಗಳು ಔಷಧಿ ತೆಗೆದುಕೊಂಡರು, ಡಾಕ್ಟರ ಹತ್ತಿರ ಕೂತು ಮಾತಾಡಿದರು. ಅಕ್ಕ ತನ್ನ ಪಾಲಿನದು ಮಾಡಿದಳು: ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕೊಡುವುದು, ಮಧ್ಯಾಹ್ನ ಸೊಪ್ಪು ತಪ್ಪಿಸದೆ ಹಾಕುವುದು, ಇಬ್ಬರೂ ಎದುರುಬದುರು ಕೂತು ಉಣ್ಣುವುದು. ಊಟದಿಂದಲೇ ವಾಸಿಯಾಯಿತು ಎಂದು ನಾನು ಹೇಳಲಾರೆ. ಆದರೆ ಊಟಕ್ಕೂ ಅದರಲ್ಲಿ ಪಾಲಿದೆ ಎಂದು ನಂಬಲು ಆಧಾರವಿದೆ. ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಮತ್ತು ಸಂಗಡಿಗರು ಖಿನ್ನತೆಯಿದ್ದ 67 ಮಂದಿಯ ಮೇಲೆ 12 ವಾರದ ಅಧ್ಯಯನವೊಂದನ್ನು ಮಾಡಿ 2017ರಲ್ಲಿ ಪ್ರಕಟಿಸಿದರು. ಕಾಳು, ತರಕಾರಿ, ಹಣ್ಣು, ಇಡಿಧಾನ್ಯ ಹೆಚ್ಚಿಸಿ ಊಟ ತಿದ್ದಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಪೂರ್ತಿ ಇಳಿಯಿತು. ಊಟ ಬದಲಿಸದೆ ಬರೀ ಒಡನಾಟ ಪಡೆದವರಲ್ಲಿ ನೂರಕ್ಕೆ ಎಂಟು ಮಂದಿಗೆ. ಚಿಕ್ಕ ಅಧ್ಯಯನ, ಹೌದು. ಹೆಚ್ಚಿನವರು ಔಷಧಿಯನ್ನೋ ಸಮಾಲೋಚನೆಯನ್ನೋ ಬಿಡದೆ ಊಟ ತಿದ್ದಿಕೊಂಡವರು ಎಂಬುದನ್ನೂ ನೆನಪಿಡಬೇಕು. ನಮ್ಮ ಭಾವ ಒಂದು ಮಧ್ಯಾಹ್ನ ತಟ್ಟೆಯಿಂದ ತಲೆಯೆತ್ತಿ, “ಇವತ್ತು ಹುರುಳಿ ಸಾರು ಚೆನ್ನಾಗಿದೆ ಕಣೇ” ಎಂದರಂತೆ. ಅಕ್ಕ ಅದನ್ನು ಹೇಳಲು ನನಗೆ ಫೋನ್ ಮಾಡಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

ಮೊನ್ನೆ ನಮ್ಮ ಬಿಸ್ಕತ್ತಿನ ಡಬ್ಬವನ್ನು ಕೆಳಗಿಳಿಸಿ ಹಳೆಯ ಸ್ಟ್ರಿಪ್ಪುಗಳನ್ನು ತೆಗೆದುಹಾಕಿದೆ. ಮುಚ್ಚಳದ ಒಳಗೆ ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆದೆ. ನೀವೂ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು: ಎದೆನೋವಿನ ಜೊತೆ ಬೆವರು, ಎಡಗೈ ಅಥವಾ ದವಡೆಯಲ್ಲಿ ನೋವು, ಉಸಿರು ಕಟ್ಟಿದಂತಾದರೆ ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಕೂರಬಾರದು, ತಕ್ಷಣ ಹೃದಯದ ಆಸ್ಪತ್ರೆಗೆ ಹೋಗಬೇಕು; ನಮ್ಮ ಪಕ್ಕದಲ್ಲೇ ಜಯದೇವ ಇದೆ. ಎರಡು: ಪರೀಕ್ಷೆಯಲ್ಲಿ ಏನೂ ಸಿಗದೆ ಹೊಟ್ಟೆಯ ಸಂಕಟ ಮುಂದುವರಿದಿದ್ದರೆ, ನಿದ್ದೆ ಹೋಗಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ 14416. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.